ಕಡಿಮೆ ಖರ್ಚಿನಲ್ಲಿ ದೊಡ್ಡ ಬೇಟೆ: ಎಲ್ಕ್ ಬೆಟ್ಟವೋ, ಆಫ್ರಿಕಾದ ಬಯಲೋ, ಟೆಕ್ಸಾಸ್ ಜಮೀನೋ?

ಐದರಿಂದ ಹತ್ತು ಸಾವಿರ ಡಾಲರ್ ಕೂಡಿಟ್ಟುಕೊಂಡು ಮೊದಲ ಸಲ ಗೈಡ್ ಜೊತೆ ದೊಡ್ಡ ಬೇಟೆಗೆ ಹೊರಡುವವರ ಮುಂದೆ ನಾಲ್ಕು ದಾರಿಗಳು ಇರುತ್ತವೆ. ಅಮೆರಿಕದ ರಾಕಿ ಪರ್ವತಗಳಲ್ಲಿ ಪೂರ್ತಿ ಗೈಡ್ ವ್ಯವಸ್ಥೆಯ, ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆ. ಅದೇ ಬೆಟ್ಟದಲ್ಲಿ ಡೇರೆ, ಕುದುರೆ ಮಾತ್ರ ಒದಗಿಸಿ ಉಳಿದದ್ದನ್ನು ನಿಮಗೇ ಬಿಡುವ ಅರೆ ವ್ಯವಸ್ಥೆ. ಟೆಕ್ಸಾಸ್‌ನ ಖಾಸಗಿ ಜಮೀನಿನಲ್ಲಿ ಎರಡು ಮೂರು ದಿನದ ಬೇಟೆ. ಕೊನೆಯದು ದಕ್ಷಿಣ ಆಫ್ರಿಕಾ ಅಥವಾ ನಮೀಬಿಯಾದಲ್ಲಿ ಬಯಲು ಪ್ರಾಣಿಗಳ ಬೇಟೆ. ಜಾಹೀರಾತಿನ ಬೆಲೆ ಇಟ್ಟುಕೊಂಡು ಇವನ್ನು ತೂಗಲು ಹೋದರೆ ಲೆಕ್ಕ ತಪ್ಪುವುದು ಖಂಡಿತ. ಒಂದೊಂದರಲ್ಲಿ ದುಡ್ಡು ಒಂದೊಂದು ಕಡೆ ಸೋರುತ್ತದೆ. ಅಗ್ಗ ಎಂದು ಕಂಡದ್ದು ಮನೆ ಸೇರುವ ಹೊತ್ತಿಗೆ ಎರಡರಷ್ಟಾಗಿರುತ್ತದೆ, ದುಬಾರಿ ಎಂದು ಬಿಟ್ಟದ್ದೇ ಕೈಗೆಟಕುವಂತಿರುತ್ತದೆ.

ಮೊದಲು ಏನೇನು ಅಳೆಯಬೇಕು

ನಿಮಗೆ ಬೇಕಾದದ್ದು ಏನು ಎಂಬುದನ್ನು ಮೊದಲು ತೀರ್ಮಾನಿಸಿ. ಫ್ರೀಜರ್ ತುಂಬ ಮಾಂಸವೋ, ಗೋಡೆಗೆ ಕೊಂಬೋ, ಅಥವಾ ದಿನಗಟ್ಟಲೆ ಜಾಡು ಹಿಡಿದು ನಡೆಯುವ ಅನುಭವವೋ? ಮೂರೂ ಬೇಕೆಂದರೆ ಈ ದುಡ್ಡಿಗೆ ಒದಗುವುದಿಲ್ಲ. ಕೊಂಬಿನ ಆಸೆ ಬಿಟ್ಟವರಿಗೆ ಹಲವು ಕಡೆ ಖರ್ಚು ಅರ್ಧಕ್ಕೆ ಇಳಿಯುತ್ತದೆ. ಮಾಂಸವೇ ಮುಖ್ಯ ಎನ್ನುವವರು ಆಫ್ರಿಕಾವನ್ನು ಪಟ್ಟಿಯಿಂದಲೇ ತೆಗೆದುಬಿಡಬಹುದು. ಕಾಲುಬಾಯಿ ಜ್ವರ, ಆಫ್ರಿಕನ್ ಹಂದಿ ಜ್ವರಗಳ ಕಾರಣಕ್ಕೆ ಅಲ್ಲಿಂದ ಹಸಿ ಮಾಂಸ ತರಲು ಅಮೆರಿಕವಾಗಲಿ ಯುರೋಪಾಗಲಿ ಬಿಡುವುದಿಲ್ಲ. ಹೊಡೆದ ಪ್ರಾಣಿಯ ಮಾಂಸ ಜಮೀನಿನ ಮಾಲೀಕರಿಗೆ ಸೇರುತ್ತದೆ. ಶಿಬಿರದಲ್ಲಿ ಉಣ್ಣುವಷ್ಟು ಮಾತ್ರ ನಿಮ್ಮದು.

ಎರಡನೆಯದು, ಮನೆ ಬಾಗಿಲಿನಿಂದ ಮನೆ ಬಾಗಿಲಿಗೆ ಆಗುವ ಒಟ್ಟು ಖರ್ಚು. ದಿನದ ಬಾಡಿಗೆ, ಪ್ರಾಣಿಯ ಶುಲ್ಕ, ಪರವಾನಗಿ, ವಿಮಾನ, ಬಂದೂಕಿನ ಬಾಡಿಗೆ, ಟಿಪ್ಸ್, ತೊಗಲು ಕೊಂಬು ಹದ ಮಾಡಿ ಕಳಿಸುವ ಖರ್ಚು, ಇವೆಲ್ಲ ಒಂದೇ ಹಾಳೆಯ ಮೇಲೆ ಬರಬೇಕು.

ಮೂರನೆಯದು, ನಿಜವಾಗಿ ಬೇಟೆಯಾಡುವ ದಿನಗಳು. "ಏಳು ದಿನದ ಪ್ಯಾಕೇಜ್" ಎಂದಾಗ ಬರುವ ದಿನ, ಹೋಗುವ ದಿನ ಅದರಲ್ಲೇ ಸೇರಿದೆಯೇ ಎಂದು ಕೇಳಿ. ಸೇರಿದ್ದರೆ ಕಾಡಿನಲ್ಲಿ ಸಿಗುವುದು ಐದೇ ದಿನ. ಒಬ್ಬ ಗೈಡ್‌ಗೆ ಎಷ್ಟು ಬೇಟೆಗಾರರು ಎಂಬುದನ್ನೂ ಇದರ ಜೊತೆಗೇ ಕೇಳಬೇಕು. ಇಬ್ಬರಿಗೆ ಒಬ್ಬ ಗೈಡ್ ಆದರೆ ದರ ಇಳಿಯುತ್ತದೆ, ಆದರೆ ಸರದಿಯಂತೆ ಈಡು ಹೊಡೆಯುವುದರಿಂದ ನಿಮ್ಮ ಪಾಲಿನ ಅವಕಾಶವೂ ಅರ್ಧವಾಗುತ್ತದೆ. ಜೊತೆಗಾರ ಗೆಳೆಯನೋ ತಮ್ಮನೋ ಆದರೆ ಇದು ಒಳ್ಳೆಯ ಉಳಿತಾಯ. ಅಪರಿಚಿತರ ಜೊತೆ ಸೇರಿಸಿಬಿಟ್ಟರೆ ಮೂರನೇ ದಿನಕ್ಕೇ ಮನಸ್ತಾಪ ಶುರುವಾಗುತ್ತದೆ.

ನಾಲ್ಕನೆಯದು ನೆಲ. ಸರ್ಕಾರಿ ಕಾಡೇ, ಖಾಸಗಿ ಜಮೀನೇ, ಎತ್ತರದ ಬೇಲಿ ಇದೆಯೇ, ಇದ್ದರೆ ಒಳಗೆ ಎಷ್ಟು ಹೆಕ್ಟೇರ್? "ನೂರಕ್ಕೆ ನೂರು ಗ್ಯಾರಂಟಿ" ಎನ್ನುವ ಕಡೆ ಈ ಪ್ರಶ್ನೆಯನ್ನು ಎರಡು ಸಲ ಕೇಳಿ. ಸಾವಿರಾರು ಹೆಕ್ಟೇರ್ ಬೇಲಿಯೊಳಗೆ ತಲೆಮಾರುಗಳಿಂದ ಬೆಳೆದ ಪ್ರಾಣಿ ಬೇಲಿಯಿಲ್ಲದ ಕಾಡಿನ ಪ್ರಾಣಿಯಷ್ಟೇ ಎಚ್ಚರವಾಗಿರುತ್ತದೆ. ಹಿಂದಿನ ವಾರ ಲಾರಿಯಲ್ಲಿ ತಂದು ಸಣ್ಣ ಆವರಣದೊಳಗೆ ಇಳಿಸಿದ್ದನ್ನು ಹೊಡೆಯುವುದನ್ನು ಬೇಟೆ ಎನ್ನಲಾಗದು.

ಇನ್ನು ನಿಮ್ಮ ಮೈ ಮತ್ತು ನಿಮ್ಮ ಗುರಿ. ಇವೆರಡರ ಬಗ್ಗೆ ಪ್ರಾಮಾಣಿಕವಾಗಿ ಲೆಕ್ಕ ಹಾಕದವರೇ ಅತಿ ಹೆಚ್ಚು ದುಡ್ಡು ಕಳೆದುಕೊಳ್ಳುವುದು.

ದಕ್ಷಿಣ ಆಫ್ರಿಕಾ: ಪ್ರಾಣಿ ಹೆಚ್ಚು, ಸೋರಿಕೆಯೂ ಹೆಚ್ಚು

ಇಲ್ಲಿ ಬಿಲ್ಲಿಗೆ ಎರಡು ಭಾಗ. ದಿನದ ಬಾಡಿಗೆಯಲ್ಲಿ ಊಟ, ವಸತಿ, ಗೈಡ್, ಜಾಡು ಹಿಡಿಯುವವರು, ವಾಹನ ಎಲ್ಲ ಬರುತ್ತವೆ. ಪ್ರಾಣಿಯ ಶುಲ್ಕ ಬೇರೆ, ಹೊಡೆದದ್ದಕ್ಕೆ ಮಾತ್ರ. ವಿದೇಶಿಯರು ಪರವಾನಗಿ ಪಡೆದ ಪ್ರೊಫೆಷನಲ್ ಹಂಟರ್ (ಅಲ್ಲಿ ಗೈಡ್‌ಗೆ ಇದೇ ಹೆಸರು) ಜೊತೆಯಲ್ಲಿಲ್ಲದೆ ಬೇಟೆಯಾಡುವಂತಿಲ್ಲ.

ಉದಾಹರಣೆಗೆ ಒಂದು ಲೆಕ್ಕ ಹಿಡಿಯೋಣ. ಇಬ್ಬರಿಗೆ ಒಬ್ಬ ಗೈಡ್, ತಲಾ ದಿನಕ್ಕೆ 250 ಡಾಲರ್, ಏಳು ದಿನಕ್ಕೆ 1750. ಇಂಪಾಲ ಜಿಂಕೆ 400, ವಾರ್ಟ್‌ಹಾಗ್ ಎಂಬ ಕಾಡುಹಂದಿ 350, ಬ್ಲೆಸ್‌ಬಕ್ ಜಿಂಕೆ 450, ಸುರುಳಿ ಕೊಂಬಿನ ದೊಡ್ಡ ಜಿಂಕೆ ಕುಡು 2400, ಒಟ್ಟು 3600. ಇಲ್ಲಿಗೆ 5350. ಜಾಹೀರಾತು ನಿಲ್ಲುವುದು ಇಲ್ಲೇ. ಟಿಪ್ಸ್ 500, ಬಂದೂಕಿನ ಬಾಡಿಗೆ 280, ವಿಮಾನ 1600 ಸೇರಿಸಿ. ನಾಲ್ಕು ಪ್ರಾಣಿಗಳ ತೊಗಲು, ಬುರುಡೆಗಳನ್ನು ಔಷಧದಲ್ಲಿ ಅದ್ದಿ ಕಟ್ಟುವುದಕ್ಕೆ 400, ಪೆಟ್ಟಿಗೆ, ಸಾಗಣೆ, ಪಶುವೈದ್ಯರ ಪತ್ರ, ಕಸ್ಟಮ್ಸ್ ಏಜೆಂಟ್ ಎಲ್ಲಕ್ಕೂ 1500. ಒಟ್ಟು 9630. ತಲೆಯನ್ನು ಗೋಡೆಗೆ ಏರಿಸುವ ಟ್ಯಾಕ್ಸಿಡರ್ಮಿ ಖರ್ಚು ಇದರ ಮೇಲೆ. ಅಂಕಿಗಳು ಸೀಸನ್, ಪ್ರಾಂತ್ಯ ನೋಡಿ ಏರುಪೇರಾಗುತ್ತವೆ, ಲೆಕ್ಕದ ಆಕಾರ ಮಾತ್ರ ಇದೇ.

ಈಗ ಇದನ್ನೇ ಕೆಳಗಿಳಿಸಿ ನೋಡಿ. ಕೊಂಬು ಬೇಡ, ಫೋಟೊ ಸಾಕು ಎಂದರೆ 7730. ಕುಡುವನ್ನೂ ಕೈಬಿಟ್ಟರೆ 5330. ಅಂದರೆ ಒಂದು ಪ್ರಾಣಿಯ ಆಸೆ, ಒಂದು ಪೆಟ್ಟಿಗೆಯ ಸಾಗಣೆ, ಇವೆರಡೇ ಖರ್ಚಿನ ಹತ್ತಿರ ಹತ್ತಿರ ಅರ್ಧ ಭಾಗ. ಮೊದಲ ಸಲ ಹೋಗುವವರು ಮೂರು ಸಣ್ಣ ಪ್ರಾಣಿ, ಹೆಚ್ಚು ದಿನ ಎಂದು ಆರಿಸಿಕೊಳ್ಳುವುದೇ ಒಳ್ಳೆಯದು. ಇನ್ನೂ ಅಗ್ಗವಾದದ್ದು ಬೇಕೆಂದರೆ ಹಿಂಡಿನ ಸಂಖ್ಯೆ ಇಳಿಸುವ ಬೇಟೆ ಇದೆ. ಹೆಣ್ಣು ಇಂಪಾಲ, ಹೆಣ್ಣು ಬ್ಲೆಸ್‌ಬಕ್‌ಗಳನ್ನು ಗಂಡಿನ ಶುಲ್ಕದ ಸಣ್ಣ ಪಾಲಿಗೆ ಬಿಡುತ್ತಾರೆ. ಕೊಂಬು ತರುವ ಮಾತೇ ಇಲ್ಲ, ಆದರೆ ನಡೆದು, ಹೊಂಚಿ, ಗುರಿಯಿಡುವ ಕಲಿಕೆ ಬೇರೆಲ್ಲೂ ಇಷ್ಟು ಸಿಗುವುದಿಲ್ಲ.

ದೊಡ್ಡ ಸೋರಿಕೆ ಇನ್ನೊಂದಿದೆ: ಗಾಯಗೊಂಡು ತಪ್ಪಿಸಿಕೊಂಡ ಪ್ರಾಣಿ. ನೆಲದ ಮೇಲೆ ರಕ್ತದ ಒಂದು ಹನಿ ಕಂಡರೂ ಪೂರ್ತಿ ಶುಲ್ಕ ಕಟ್ಟಬೇಕು ಎಂಬುದು ಅಲ್ಲಿಯ ನಿಯಮ, ಅದು ನ್ಯಾಯವೂ ಹೌದು. ಉತ್ತರ ಅಮೆರಿಕದ ಜಿಂಕೆಯನ್ನು ಹೊಡೆದು ಅಭ್ಯಾಸವಾದವರು ಮುಂಗಾಲಿನ ಹಿಂದೆ ಗುರಿಯಿಡುತ್ತಾರೆ. ಆಫ್ರಿಕಾದ ಜಿಂಕೆಗಳಲ್ಲಿ ಹೃದಯ, ಶ್ವಾಸಕೋಶಗಳು ಅದಕ್ಕಿಂತ ಮುಂದೆ, ಕೆಳಗೆ ಇರುತ್ತವೆ. ಅಡ್ಡ ನಿಂತ ಕುಡುವಿಗೆ ಮುಂಗಾಲಿನ ಗೆರೆಯಲ್ಲೇ ಮೇಲೆ ಹೋಗಿ, ಮೈಯ ಕೆಳಗಿನ ಮೂರನೇ ಒಂದು ಭಾಗದಲ್ಲಿ ಈಡು ಕೂರಬೇಕು. ಅಲ್ಲಿಂದ ಒಂದು ಗೇಣು ಹಿಂದೆ ಸರಿದರೆ ಹೊಟ್ಟೆಗೆ ಬೀಳುತ್ತದೆ. ಕುಡು ಬೆನ್ನು ಬಾಗಿಸಿ, ಮುಳ್ಳುಪೊದೆಯೊಳಗೆ ನುಗ್ಗಿ, ಕಿಲೋಮೀಟರುಗಟ್ಟಲೆ ಹೋಗುತ್ತದೆ. ಜಾಡು ಹಿಡಿಯುವವರು ಕತ್ತಲಾಗುವ ತನಕ ಒಣ ಎಲೆಯ ಮೇಲಿನ ಕಂದು ಹನಿಗಳನ್ನು ಹುಡುಕುತ್ತಾರೆ. ಪ್ರಾಣಿಗೆ ನರಳಾಟ, ನಿಮಗೆ 2400 ಡಾಲರ್ ಬಿಲ್ಲು.

ಹೀಗಾಗಿ ಗುರಿಯ ಅಭ್ಯಾಸವೇ ಅತಿ ದೊಡ್ಡ ಉಳಿತಾಯ. ಅಲ್ಲಿ ಬೆಂಚಿನ ಮೇಲೆ ಕೂತು ಹೊಡೆಯುವ ಅವಕಾಶ ಅಪರೂಪ. ಮೂರು ಕಾಲಿನ ಕೋಲಿನ ಮೇಲೆ ಬಂದೂಕು ಇಟ್ಟು, ನಿಂತೇ, ನೂರರಿಂದ ಇನ್ನೂರು ಮೀಟರ್ ದೂರಕ್ಕೆ ಹೊಡೆಯಬೇಕು. ಹೊರಡುವ ಮೂರು ತಿಂಗಳ ಮೊದಲೇ ಅಂಥದ್ದೇ ಕೋಲು ತಂದು, 150 ಮೀಟರ್‌ನಲ್ಲಿ 20 ಸೆಂಟಿಮೀಟರ್ ತಟ್ಟೆಗೆ ಹತ್ತಕ್ಕೆ ಹತ್ತು ಬೀಳುವ ತನಕ ಅಭ್ಯಾಸ ಮಾಡಿ. ಪಾಯಿಂಟ್ 308 ಅಥವಾ 30-06 ಅಳತೆಯ ತೋಟಾದ ಬಂದೂಕು, ಮೈಯೊಳಗೆ ಚೂರಾಗದೆ ಆಳಕ್ಕೆ ಇಳಿಯುವ 165ರಿಂದ 180 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡು ಇದ್ದರೆ ಮೇಲಿನ ನಾಲ್ಕೂ ಪ್ರಾಣಿಗಳಿಗೆ ಸಾಕು.

ಸ್ವಂತ ಬಂದೂಕು ಒಯ್ಯಬೇಕೇ? ಒಯ್ಯುವುದಾದರೆ ದಕ್ಷಿಣ ಆಫ್ರಿಕಾ ಪೊಲೀಸರ ಎಸ್‌ಎಪಿಎಸ್ 520 ಎಂಬ ಬಂದೂಕು ಅನುಮತಿಯ ಅರ್ಜಿಯನ್ನು ಕಪ್ಪು ಶಾಯಿಯಲ್ಲಿ ತುಂಬಿ, ಸಹಿಯನ್ನು ವಿಮಾನ ನಿಲ್ದಾಣದಲ್ಲಿ ಪೊಲೀಸ್ ಅಧಿಕಾರಿಯ ಎದುರೇ ಹಾಕಬೇಕು. ಮನೆಯಲ್ಲೇ ಸಹಿ ಹಾಕಿ ಒಯ್ದವರು ಮತ್ತೆ ಮೊದಲಿನಿಂದ ಬರೆಯುತ್ತಾ ನಿಲ್ಲುತ್ತಾರೆ. ನಡುವೆ ವಿಮಾನ ಬದಲಿಸುವ ದೇಶದ ಅನುಮತಿಯೂ ಬೇಕಾಗಬಹುದು, ತೋಟಾ 5 ಕಿಲೋ ಮೀರುವಂತಿಲ್ಲ. ಕಡಿಮೆ ಖರ್ಚಿನವರಿಗೆ ಬಾಡಿಗೆ ಬಂದೂಕೇ ಮೇಲು. ಆದರೆ ಮೊದಲ ದಿನವೇ ಐದಾರು ಗುಂಡು ಹೊಡೆದು ಅದು ಎಲ್ಲಿ ಬೀಳುತ್ತದೆಂದು ನೋಡಿಕೊಳ್ಳದೆ ಕಾಡಿಗೆ ಇಳಿಯಬೇಡಿ.

ಅಗ್ಗದ ಸಿಂಹ ಬೇಟೆಯ ಜಾಹೀರಾತು ಕಂಡರೆ ಮುಂದೆ ಓದಲೇಬೇಡಿ. ಅವು ಬೋನಿನಲ್ಲಿ ಸಾಕಿ ಬೆಳೆಸಿದ ಸಿಂಹಗಳು. ದಕ್ಷಿಣ ಆಫ್ರಿಕಾ ಸರ್ಕಾರವೇ 2021ರಲ್ಲಿ ಈ ಉದ್ಯಮವನ್ನು ನಿಲ್ಲಿಸುವ ನಿಲುವು ಪ್ರಕಟಿಸಿತು.

ನಮೀಬಿಯಾ

ಪ್ರಾಣಿಯ ವೈವಿಧ್ಯ ಸ್ವಲ್ಪ ಕಡಿಮೆ, ಜಾಗ ವಿಶಾಲ. ಹಲವು ಜಮೀನುಗಳಿಗೆ ದನ ಕಾಯುವ ತಗ್ಗು ಬೇಲಿ ಮಾತ್ರ ಇರುವುದರಿಂದ ಕುಡು, ಜೆಮ್ಸ್‌ಬಕ್ ಜಿಂಕೆಗಳು ತಮ್ಮಿಷ್ಟಕ್ಕೆ ಓಡಾಡಿಕೊಂಡಿರುತ್ತವೆ. ಬೇಲಿಯ ಬಗ್ಗೆ ಮನಸ್ಸು ಒಪ್ಪದವರಿಗೆ ಇದು ಹೆಚ್ಚು ಹಿಡಿಸುತ್ತದೆ. ಸೀಸನ್ ಫೆಬ್ರವರಿ 1ರಿಂದ ನವೆಂಬರ್ 30ರ ತನಕ. ಎಲೆ ಉದುರಿ, ನೀರು ಕಡಿಮೆಯಾಗಿ ಪ್ರಾಣಿ ಕಾಣಸಿಗುವುದು ಮೇಯಿಂದ ಆಗಸ್ಟ್‌ವರೆಗಿನ ಚಳಿಗಾಲದಲ್ಲಿ.

ಕಾನೂನು ಇಲ್ಲಿ ಖಚಿತ. ಒಬ್ಬರಿಗೆ ಒಂದು ಜಾತಿಯಲ್ಲಿ ಎರಡಕ್ಕಿಂತ ಹೆಚ್ಚು ಟ್ರೋಫಿ (ಕೊಂಬು, ತೊಗಲಿಗಾಗಿ ಹೊಡೆಯುವ ಪ್ರಾಣಿ) ಇಲ್ಲ. ಗುಂಡಿನ ಶಕ್ತಿಗೂ ಮಿತಿಯಿದೆ. ಸ್ಪ್ರಿಂಗ್‌ಬಕ್‌ನಂಥ ಸಣ್ಣವಕ್ಕೆ ಕನಿಷ್ಠ 1350 ಜೂಲ್, ಕುಡು, ಜೆಮ್ಸ್‌ಬಕ್, ಇಲಾಂಡ್‌ಗೆ 2700, ಕಾಡೆಮ್ಮೆ, ಆನೆಗೆ 5400. ಪಾಯಿಂಟ್ 243ರ ಬಹುತೇಕ ತೋಟಾಗಳು 2700ರ ಕೆಳಗೇ ಉಳಿಯುವುದರಿಂದ ಅದನ್ನು ಹೊತ್ತೊಯ್ದು ಕುಡು ಕೇಳಿದರೆ ಗೈಡ್ ಒಪ್ಪುವುದಿಲ್ಲ. ಬೆಟ್ಟದ ಜೀಬ್ರಾದ ಆಸೆಯಿದ್ದರೆ ಅದು ಸೈಟಿಸ್ (ಅಪಾಯದಲ್ಲಿರುವ ಪ್ರಾಣಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿದೆ ಎಂಬುದು ನೆನಪಿರಲಿ, ತೊಗಲು ಒಯ್ಯಲು ಕಾಗದಪತ್ರ ಹೆಚ್ಚು, ಕಾಯುವುದೂ ಹೆಚ್ಚು.

ರಾಕಿ ಪರ್ವತದ ಎಲ್ಕ್: ಪ್ರಾಣಿ ಸಿಗದೆಯೂ ಹಣ ತೀರುವ ಬೇಟೆ

ಸರ್ಕಾರಿ ಕಾಡಿನಲ್ಲಿ ಐದು ದಿನದ ಪೂರ್ತಿ ಗೈಡ್ ವ್ಯವಸ್ಥೆಗೆ ಸಾಮಾನ್ಯವಾಗಿ ಆರರಿಂದ ಎಂಟು ಸಾವಿರ ಡಾಲರ್, ಒಳ್ಳೆಯ ಖಾಸಗಿ ರ‍್ಯಾಂಚ್ ಆದರೆ ಅದಕ್ಕೂ ಮೇಲೆ. ಹೊರ ರಾಜ್ಯದವರ ಎಲ್ಕ್ ಟ್ಯಾಗ್ (ಒಂದು ಪ್ರಾಣಿ ಹೊಡೆಯಲು ರಾಜ್ಯ ಕೊಡುವ ಪರವಾನಗಿ, ಹಲವು ಕಡೆ ಲಾಟರಿಯಲ್ಲಿ ಸಿಗುವಂಥದ್ದು) ಬೇರೆ, ಅದು ನೂರಾರು ಡಾಲರ್‌ನಿಂದ ಸಾವಿರದಾಚೆಗೆ ಹೋಗುತ್ತದೆ. ಇಲ್ಲಿ ನೀವು ಕೊಳ್ಳುವುದು ದಿನಗಳನ್ನು, ಪ್ರಾಣಿಯನ್ನಲ್ಲ. ಕೊಲೊರಾಡೊದಲ್ಲಿ ಒಟ್ಟಾರೆ ಎಲ್ಕ್ ಬೇಟೆಗಾರರಲ್ಲಿ ಐವರಲ್ಲಿ ನಾಲ್ವರು ಬರಿಗೈಲಿ ಮರಳುವುದು ಸಾಮಾನ್ಯ. ಗೈಡ್ ಇದ್ದರೆ ಅವಕಾಶ ಹೆಚ್ಚಬಹುದು, ಖಾತ್ರಿಯಾಗುವುದಿಲ್ಲ. 2500ರಿಂದ 3300 ಮೀಟರ್ ಎತ್ತರದಲ್ಲಿ ದಿನಕ್ಕೆ ಹತ್ತು ಹನ್ನೆರಡು ಕಿಲೋಮೀಟರ್ ಏರಿಳಿಯಲಾಗದವರು ಎಷ್ಟು ಕೊಟ್ಟರೂ ಎಲ್ಕ್ ಇರುವ ಕಣಿವೆಯನ್ನು ಮುಟ್ಟುವುದಿಲ್ಲ. ಎರಡು ದಿನ ಮೊದಲೇ ಹೋಗಿ ಎತ್ತರಕ್ಕೆ ಮೈ ಒಗ್ಗಿಸಿಕೊಳ್ಳಿ, ಇಲ್ಲವಾದರೆ ಮೊದಲ ದಿನಗಳು ತಲೆನೋವಿನಲ್ಲೇ ಕಳೆಯುತ್ತವೆ.

ಡ್ರಾಪ್ ಕ್ಯಾಂಪ್ ಎಂಬ ಅರೆ ವ್ಯವಸ್ಥೆಯಲ್ಲಿ ಔಟ್‌ಫಿಟರ್ (ಬೇಟೆಯ ವ್ಯವಸ್ಥೆ ಮಾಡಿಕೊಡುವವ) ಕುದುರೆ ಮೇಲೆ ನಿಮ್ಮನ್ನು ಕರೆದೊಯ್ದು, ಡೇರೆ, ಒಲೆ ಕೊಟ್ಟು ಬಿಟ್ಟುಬರುತ್ತಾನೆ. ತಲಾ ಎರಡರಿಂದ ಮೂರೂವರೆ ಸಾವಿರದೊಳಗೆ ಮುಗಿಯುತ್ತದೆ. ಕಷ್ಟ ಶುರುವಾಗುವುದು ಈಡು ತಗುಲಿದ ಮೇಲೆ. ದೊಡ್ಡ ಗಂಡು ಎಲ್ಕ್ ಸುಮಾರು 300 ಕಿಲೋ ತೂಗುತ್ತದೆ. ಮೂಳೆ ಬಿಡಿಸಿದರೂ ಮಾಂಸವೇ 80ರಿಂದ 110 ಕಿಲೋ, ಬೆನ್ನ ಮೇಲೆ ಹೊತ್ತರೆ ನಾಲ್ಕು ಐದು ಸಲ ಏರಿಳಿಯಬೇಕು. ದಪ್ಪ ತೊಗಲಿನೊಳಗೆ ಶಾಖ ಉಳಿದುಬಿಡುವುದರಿಂದ ಮೊದಲು ತೊಗಲು ಸುಲಿದು, ತೊಡೆಗಳನ್ನು ಬಿಡಿಸಿ ನೆರಳಲ್ಲಿ ಗಾಳಿಗೆ ತೂಗುಹಾಕಬೇಕು. ಸೆಪ್ಟೆಂಬರ್‌ನ ಬಿಸಿಲಿನಲ್ಲಿ ಇದನ್ನು ನಾಳೆಗೆ ಬಿಟ್ಟರೆ ಮೂಳೆಯ ಸುತ್ತಲ ಮಾಂಸ ಹಳಸುತ್ತದೆ. ಔಟ್‌ಫಿಟರ್ ಕುದುರೆಯೊಂದಿಗೆ ಯಾವ ದಿನ ಬಂದು ನೋಡುತ್ತಾನೆ, ಮಾಂಸ ಇಳಿಸಲು ಬೇರೆ ಶುಲ್ಕವೇ ಎಂಬುದು ಕಾಗದದ ಮೇಲೆ ಇರಲಿ.

ಎಲ್ಲ ಕಡೆ ಗೈಡ್ ಇಲ್ಲದೆ ಹೋಗುವಂತಿಲ್ಲ. ವೈಯೋಮಿಂಗ್‌ನಲ್ಲಿ ವೈಲ್ಡರ್‌ನೆಸ್ ಎಂದು ಘೋಷಿಸಿದ ಕಾಡುಗಳಲ್ಲಿ ಹೊರಗಿನವರಿಗೆ ದೊಡ್ಡ ಬೇಟೆಗೆ ಲೈಸೆನ್ಸ್ ಇರುವ ಗೈಡ್ ಅಥವಾ ಅಲ್ಲಿಯ ನಿವಾಸಿ ಜೊತೆಗಿರಬೇಕು. ಅಲಾಸ್ಕಾದಲ್ಲಿ ಕಂದು ಕರಡಿ, ಡಾಲ್ ಎಂಬ ಕಾಡುಕುರಿ, ಬೆಟ್ಟದ ಆಡಿಗೆ ಹೊರ ರಾಜ್ಯದವರು ಗೈಡ್ ಅಥವಾ ಅಲ್ಲಿ ನೆಲೆಸಿರುವ ಹತ್ತಿರದ ಸಂಬಂಧಿಯ ಜೊತೆ ಹೋಗಬೇಕು. ಅಮೆರಿಕದ ಪೌರತ್ವವಿಲ್ಲದೆ ಹೊರಗಿನಿಂದ ಬಂದವರಿಗೆ ಅಲ್ಲಿ ಯಾವ ದೊಡ್ಡ ಪ್ರಾಣಿಗಾದರೂ ಗೈಡ್ ಕಡ್ಡಾಯ. ವೀಸಾದ ಮೇಲಿರುವವರು ಇದನ್ನು ಮರೆತು ಟಿಕೆಟ್ ಕೊಂಡುಬಿಡುತ್ತಾರೆ.

ಮಾಂಸಕ್ಕಾಗಿ ಹೋಗುವವರಿಗೆ ನಾವು ಮೊದಲು ಹೇಳುವುದು ಹೆಣ್ಣು ಎಲ್ಕ್. ಖಾಸಗಿ ಜಮೀನಿನಲ್ಲಿ ಎರಡು ಮೂರು ದಿನ, ಗೈಡ್ ಸಹಿತ, ಗಂಡಿನ ಬೇಟೆಯ ಅರ್ಧಕ್ಕಿಂತ ಕಡಿಮೆ ದರ. ಹಿಂಡು ಹಿಂಡಾಗಿ ಇರುವುದರಿಂದ ಸಿಗುವ ಸಾಧ್ಯತೆಯೂ ಚೆನ್ನಾಗಿದೆ, ಮಾಂಸವೂ ಮೆದು. ಇನ್ನೊಂದು ರಾಜ್ಯಕ್ಕೆ ಒಯ್ಯುವಾಗ ಸಿಡಬ್ಲ್ಯುಡಿ ಎಂಬ, ಜಿಂಕೆ ಜಾತಿಯ ಮಿದುಳು ಕೆಡಿಸುವ ರೋಗದ ಕಾರಣ ಮಿದುಳು, ಬೆನ್ನುಮೂಳೆ ಒಯ್ಯಲು ಹಲವು ರಾಜ್ಯಗಳಲ್ಲಿ ನಿಷೇಧವಿದೆ. ಮೂಳೆ ಬಿಡಿಸಿ ಕಟ್ಟಿಸಿಕೊಳ್ಳಿ.

ಟೆಕ್ಸಾಸ್: ರಜೆ ಕಡಿಮೆ ಇರುವವರಿಗೆ

ನಮಗೆ ಪರಿಚಿತವಾದ ಚುಕ್ಕೆ ಜಿಂಕೆ, ಕೃಷ್ಣಮೃಗ, ನೀಲಗಾಯ್ ಮೂರೂ ಟೆಕ್ಸಾಸ್‌ನಲ್ಲಿ ಕಳೆದ ಶತಮಾನದಲ್ಲಿ ತಂದು ಬಿಟ್ಟು ಹಬ್ಬಿದ ಪ್ರಾಣಿಗಳು. ಚುಕ್ಕೆ ಜಿಂಕೆ ಅಲ್ಲಿಗೆ ಬಂದದ್ದು 1932ರಲ್ಲಿ. ಹೊರಗಿನಿಂದ ಬಂದ ಈ ಜಾತಿಗಳಿಗೆ ಸೀಸನ್ ಇಲ್ಲ, ಟ್ಯಾಗ್ ಲಾಟರಿ ಇಲ್ಲ. ಬೇಟೆ ಲೈಸೆನ್ಸ್ ಮತ್ತು ಜಮೀನಿನವರ ಒಪ್ಪಿಗೆ ಇದ್ದರೆ ವರ್ಷವಿಡೀ ಹೋಗಬಹುದು. ಶನಿವಾರ, ಭಾನುವಾರದೊಳಗೆ ಮುಗಿಯುತ್ತದೆ, ಮಾಂಸ ಮನೆಗೆ ಬರುತ್ತದೆ. ಚುಕ್ಕೆ ಜಿಂಕೆಯ ಮಾಂಸವನ್ನು ಅಲ್ಲಿಯವರು ಬೇರೆಲ್ಲದಕ್ಕಿಂತ ಮೇಲೆ ಇಡುತ್ತಾರೆ. ಹೆಣ್ಣು ಜಿಂಕೆ, ಕಾಡುಹಂದಿ ಕೆಲವೇ ನೂರು ಡಾಲರಿನ ಮಾತು. ಕೊಂಬಿನ ಗಂಡಿಗೆ ದರ ಇಂಚಿನ ಲೆಕ್ಕದಲ್ಲಿ ಏರುತ್ತದೆ. ದಿನಕ್ಕೆ ಹಿಡಿದು ನೋಡಿದರೆ ಇದು ಆಫ್ರಿಕಾಕ್ಕಿಂತ ದುಬಾರಿ, ಒಟ್ಟು ಖರ್ಚು ಹಿಡಿದು ನೋಡಿದರೆ ಅತಿ ಅಗ್ಗ. ಕೊರತೆಯೆಂದರೆ ಬಹಳಷ್ಟು ಬೇಟೆ ಮೇವು ಚೆಲ್ಲುವ ಯಂತ್ರದ ಎದುರು, ಮರೆಯಲ್ಲಿ ಕೂತು ನಡೆಯುತ್ತದೆ. ನಡೆದು ಹೊಂಚುವ ಬೇಟೆ, ಎತ್ತರದ ಬೇಲಿಯಿಲ್ಲದ ಜಮೀನು ಎಂದು ಬಾಯಿಬಿಟ್ಟು ಕೇಳಿದವರಿಗೆ ಅದೂ ಸಿಗುತ್ತದೆ.

ಉಳಿದವು

ಕೆನಡಾದ ಕರಿಕರಡಿ ಬೇಟೆ ಗೈಡ್ ಇರುವ ಬೇಟೆಗಳಲ್ಲಿ ಅಗ್ಗದ್ದು, ಆದರೆ ಆಮಿಷದ ಎದುರು ಸೊಳ್ಳೆ ಕಚ್ಚಿಸಿಕೊಂಡು ಗಂಟೆಗಟ್ಟಲೆ ಅಲುಗಾಡದೆ ಕೂರುವ ತಾಳ್ಮೆ ಬೇಕು. ಅದೇ ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಮೂಸ್ ಎಂಬ ದೈತ್ಯ ಜಿಂಕೆಗೆ ಹೊರಗಿನವರಿಗೆ ಗೈಡ್ ಕಡ್ಡಾಯ, ಬಜೆಟ್ ಮೀರುವ ಸಾಧ್ಯತೆ ಹೆಚ್ಚು. ನ್ಯೂಜಿಲೆಂಡ್‌ನಲ್ಲಿ ಸರ್ಕಾರಿ ಕಾಡಿನ ಪರ್ಮಿಟ್ ಪುಕ್ಕಟೆ, ಗೈಡ್ ಕಡ್ಡಾಯವಲ್ಲ. ಬೆಟ್ಟ ಹತ್ತುವ ಅನುಭವವಿದ್ದವರಿಗೆ ಅಲ್ಲಿ ವಿಮಾನದ ಖರ್ಚೇ ದೊಡ್ಡದು. ಹಂಗೇರಿಯ ಕೆಂಪು ಜಿಂಕೆಗೆ ಹೋಗುವವರು ಒಂದು ವಿಷಯ ತಿಳಿದಿರಬೇಕು. ಅಲ್ಲಿ ಶುಲ್ಕ ಕೊಂಬಿನ ತೂಕಕ್ಕೆ, ತೂಗುವುದು ಪ್ರಾಣಿ ಹೊಡೆದು, ತಲೆಬುರುಡೆ ಬೇಯಿಸಿ ಶುಚಿ ಮಾಡಿದ ಮೇಲೆ. ಗೈಡ್‌ನ ಕಣ್ಣಳತೆ ಒಂದು ಕಿಲೋ ತಪ್ಪಿದರೂ ಬಿಲ್ಲು ಭಾರೀ ಏರಬಹುದು. "ಇಷ್ಟರ ಮೇಲೆ ಕೊಡುವುದಿಲ್ಲ" ಎಂಬ ಮಿತಿಯನ್ನು ಮೊದಲೇ ಬರೆಸಿಕೊಳ್ಳಿ.

ಧರ್ಮಾರ್ಥ ಹರಾಜಿನಲ್ಲಿ ಸಿಗುವ ಆಫ್ರಿಕಾ ಬೇಟೆಗಳು ಕೂಗುವಾಗ ಬಲು ಅಗ್ಗ. ಅದರಲ್ಲಿ ಸೇರಿರುವುದು ಬಹುಪಾಲು ದಿನದ ಬಾಡಿಗೆ, ಒಂದೆರಡು ಸಣ್ಣ ಪ್ರಾಣಿ. ಉಳಿದದ್ದಕ್ಕೆಲ್ಲ ಪೂರ್ತಿ ದರ. ಬೇರೆಯವರು ರದ್ದು ಮಾಡಿದ ಜಾಗಕ್ಕೆ ಕೊನೆ ಗಳಿಗೆಯಲ್ಲಿ ಹೋಗುವುದು ಇದಕ್ಕಿಂತ ಒಳ್ಳೆಯ ಉಳಿತಾಯ, ರಜೆ ಸಿಗುವವರಿಗೆ ಮಾತ್ರ.

ಯಾರಿಗೆ ಯಾವುದು

ಒಟ್ಟು ಮೂರು ಸಾವಿರದೊಳಗೆ ಎಂದರೆ ಟೆಕ್ಸಾಸ್, ಇಲ್ಲವೇ ಹೋಗಿಬರುವ ಖರ್ಚು ಕಡಿಮೆಯಿದ್ದರೆ ಹೆಣ್ಣು ಎಲ್ಕ್. ಐದಾರು ಸಾವಿರವಿದ್ದು ಮೈ ಗಟ್ಟಿಯಿದ್ದು, ಪ್ರಾಣಿ ಸುಲಿದು ಬಿಡಿಸುವುದು ಗೊತ್ತಿದ್ದರೆ ಡ್ರಾಪ್ ಕ್ಯಾಂಪ್. ಅಷ್ಟೇ ದುಡ್ಡಿಗೆ ಮೈ ಅಷ್ಟು ಒಗ್ಗದವರು, ಮಂಡಿನೋವಿನವರು ದಕ್ಷಿಣ ಆಫ್ರಿಕಾದಲ್ಲಿ ಮೂರು ಸಣ್ಣ ಪ್ರಾಣಿಗಳ ವಾರ ಕಳೆಯಬಹುದು. ಎಂಟರಿಂದ ಹತ್ತು ಸಾವಿರವಿದ್ದವರಿಗೆ ನಮ್ಮ ಸಲಹೆ ಗೆಳೆಯರೊಬ್ಬರ ಜೊತೆ ನಮೀಬಿಯಾ, ಕುಡು ಅಥವಾ ಜೆಮ್ಸ್‌ಬಕ್‌ನಲ್ಲಿ ಒಂದು ಮಾತ್ರ. ಗಂಡು ಎಲ್ಕ್ ಕನಸೇ ಬಿಡದವರು ಹೋಗಲಿ, ಆದರೆ ಬರಿಗೈಲಿ ಬಂದರೂ ಬೇಸರವಿಲ್ಲ ಎಂಬಷ್ಟು ಮನಸ್ಸು ಸಿದ್ಧವಿದ್ದರೆ ಮಾತ್ರ.

ಮುಂಗಡ ಕಳಿಸುವ ಮುನ್ನ

ಗೈಡ್ ಮತ್ತು ಔಟ್‌ಫಿಟರ್‌ರ ಪರವಾನಗಿ ಸಂಖ್ಯೆ ಕೇಳಿ, ಆ ರಾಜ್ಯದ ಅಥವಾ ಪ್ರಾಂತ್ಯದ ಇಲಾಖೆಯಲ್ಲಿ ಅದು ಚಾಲ್ತಿಯಲ್ಲಿದೆಯೇ ನೋಡಿ. ಹಿಂದೆ ಹೋದವರ ಫೋನ್ ನಂಬರ್ ಕೇಳುವಾಗ ಏನೂ ಸಿಗದೆ ಮರಳಿದ ಇಬ್ಬರದ್ದೂ ಕೇಳಿ. ಪ್ರಾಣಿ ಸಿಗದ ವಾರದಲ್ಲಿ ಗೈಡ್ ಹೇಗೆ ನಡೆದುಕೊಂಡ, ಬೆಳಗಿನ ಜಾವ ಎಷ್ಟು ಗಂಟೆಗೆ ಎಬ್ಬಿಸಿದ ಎಂಬುದನ್ನು ಅವರಷ್ಟು ಸರಿಯಾಗಿ ಹೇಳುವವರಿಲ್ಲ. ಪ್ರಶ್ನೆಗೆ ನೇರ ಉತ್ತರ ಕೊಡದೆ ಕೊಂಬಿನ ಫೋಟೊಗಳನ್ನೇ ಕಳಿಸುವವರನ್ನು ಬಿಟ್ಟುಬಿಡಿ.

ಒಪ್ಪಂದದಲ್ಲಿ ಇರಬೇಕಾದ್ದು: ಬೇಟೆಯ ದಿನಗಳ ಸಂಖ್ಯೆ, ಒಬ್ಬ ಗೈಡ್‌ಗೆ ಎಷ್ಟು ಜನ, ಜಮೀನಿನ ಹೆಸರು, ಪ್ರತಿ ಪ್ರಾಣಿಯ ದರ, ಗಾಯಗೊಂಡದ್ದರ ನಿಯಮ, ಪ್ಯಾಕೇಜಿನಲ್ಲಿದ್ದ ಪ್ರಾಣಿ ಸಿಗದಿದ್ದರೆ ಹಣ ವಾಪಸೋ ಬೇರೆ ಪ್ರಾಣಿಯೋ ಎಂಬುದು. ಅಮೆರಿಕಕ್ಕೆ ಇನ್ನೊಂದು ಸಾಲು ಸೇರಿಸಿ: ಲಾಟರಿಯಲ್ಲಿ ಟ್ಯಾಗ್ ಬಾರದಿದ್ದರೆ ಮುಂಗಡ ಪೂರ್ತಿ ಮರಳಬೇಕು, ಅಥವಾ ಮುಂದಿನ ವರ್ಷಕ್ಕೆ ಅದೇ ದರದಲ್ಲಿ ಸಲ್ಲಬೇಕು. ವೈಯೋಮಿಂಗ್‌ನಲ್ಲಿ ಹೊರಗಿನವರ ಎಲ್ಕ್ ಅರ್ಜಿ ಫೆಬ್ರವರಿಯ ಮೊದಲ ದಿನಗಳಲ್ಲೇ ಮುಗಿಯುತ್ತದೆ, ಮೊಂಟಾನಾ, ಕೊಲೊರಾಡೊಗಳದ್ದು ಏಪ್ರಿಲ್ ಆರಂಭದಲ್ಲಿ. ಅಕ್ಟೋಬರ್ ಬೇಟೆಗೆ ಔಟ್‌ಫಿಟರ್ ಜೊತೆ ಮಾತು ಮುಗಿದಿರಬೇಕಾದದ್ದು ಹೊಸ ವರ್ಷಕ್ಕೂ ಮುಂಚೆ.